ಚಿಕ್ಕ ಊರಿನ ಎರಡು ಸರ್ಕಾರಿ ಶಾಲೆ: ಹೋಲಿಸುವುದು ಹೇಗೆ?

ಮಾನ್ಯರೇ,

ಊರು ಚಿಕ್ಕದು, ಇರುವುದು ಎರಡೇ ಸರ್ಕಾರಿ ಶಾಲೆ. ಹೋಲಿಸುವುದೇನು ಮಹಾ ಕೆಲಸ ಅನ್ನಿಸುತ್ತದೆ. ಫಲಿತಾಂಶ ಬಂದ ದಿನವೇ ಊರಿನ ತೀರ್ಪೂ ಬಂದುಬಿಡುತ್ತದೆ: ಅಲ್ಲಿ ಶೇ 92, ಇಲ್ಲಿ ಶೇ 75, ಮುಗಿಯಿತು. ನನ್ನ ತಕರಾರು ಈ ತೀರ್ಪಿನ ಮೇಲೆ.

ಮೊದಲು ಲೆಕ್ಕ ನೋಡೋಣ. ತರಗತಿಯಲ್ಲಿ 12 ಮಕ್ಕಳು ಅಂದುಕೊಳ್ಳಿ. ಒಬ್ಬಳು ಜ್ವರದಲ್ಲೇ ಪರೀಕ್ಷೆ ಬರೆದು ನಪಾಸಾದರೂ ಸಾಕು, ಫಲಿತಾಂಶ ಶೇ 8ಕ್ಕೂ ಹೆಚ್ಚು ಇಳಿಯುತ್ತದೆ. 200 ಮಕ್ಕಳಿರುವ ಕಡೆ ಅದೇ ಜ್ವರದ ಬೆಲೆ ಬರೀ ಅರ್ಧ ಶೇಕಡಾ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಶಾಲೆಗಳ ಅಂಕಗಳನ್ನು ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೈಗರ್ ಎಂಬ ಅರ್ಥಶಾಸ್ತ್ರಜ್ಞರು ಜಾಲಾಡಿದಾಗ ಕಂಡದ್ದೂ ಇದೇ: ಚಿಕ್ಕ ಶಾಲೆಗಳು ಒಂದು ವರ್ಷ ಪಟ್ಟಿಯ ಮೇಲೆ, ಇನ್ನೊಂದು ವರ್ಷ ತಳದಲ್ಲಿ. ಅದರಲ್ಲಿ ಪಾಠದ ಪಾಲೆಷ್ಟು, ಅದೃಷ್ಟದ ಪಾಲೆಷ್ಟು ಎಂದು ಒಂದೇ ವರ್ಷದ ಅಂಕದಿಂದ ಹೇಳಲಾಗದು. ಮೂರು ನಾಲ್ಕು ವರ್ಷದ್ದನ್ನು ಒಟ್ಟಿಗೆ ಇಟ್ಟು ನೋಡಿ.

ಎರಡನೆಯದು ಮನೆ. 1966ರಲ್ಲಿ ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಅವರ ತಂಡ ಅಮೆರಿಕದ 6 ಲಕ್ಷಕ್ಕೂ ಹೆಚ್ಚು ಮಕ್ಕಳ ಮಾಹಿತಿ ಕಲೆಹಾಕಿ ವರದಿ ಕೊಟ್ಟಿತು. ಅಂಕಗಳ ಅಂತರಕ್ಕೆ ಶಾಲೆಯ ಕಟ್ಟಡ, ಪುಸ್ತಕಗಳಿಗಿಂತ ಮನೆಯ ಸ್ಥಿತಿಗತಿಯೇ ದೊಡ್ಡ ಕಾರಣ ಎಂದಿತು. ಓದುಬರಹ ಬಲ್ಲವರ ಮಕ್ಕಳು ಒಂದು ಶಾಲೆಗೆ, ಕೂಲಿಕಾರರ ಮಕ್ಕಳು ಇನ್ನೊಂದಕ್ಕೆ ಹೋಗುವ ಊರಿನಲ್ಲಿ ನಾವು ಹೋಲಿಸುತ್ತಿರುವುದು ಮೇಷ್ಟ್ರುಗಳನ್ನೋ, ಮನೆಗಳನ್ನೋ? ಕೇಳಬೇಕಾದದ್ದು, ಸೇರುವಾಗ ಮಗು ಎಲ್ಲಿತ್ತು, ಈಗ ಎಲ್ಲಿದೆ ಎಂದು. ಇಂಗ್ಲೆಂಡ್ 1992ರಲ್ಲಿ ಶಾಲಾವಾರು ಫಲಿತಾಂಶ ಪಟ್ಟಿ ಪ್ರಕಟಿಸತೊಡಗಿತು. ಮಗುವಿನ ಪ್ರಗತಿಯನ್ನೇ ಮುಖ್ಯ ಅಳತೆಯಾಗಿಸಿದ್ದು 2016ರಲ್ಲಿ. ಅಷ್ಟರಲ್ಲಿ ಪಕ್ಕದ ವೇಲ್ಸ್ ಪಟ್ಟಿಯ ಸಹವಾಸವೇ ಬೇಡವೆಂದು 2001ರಲ್ಲೇ ಕೈಬಿಟ್ಟಿತ್ತು.

ಇನ್ನೊಂದು ಮಾತು, ಸ್ವಲ್ಪ ಕಹಿಯಾದದ್ದು. ನಪಾಸಾಗುವಂತಿರುವ ಹುಡುಗನನ್ನು ಪರೀಕ್ಷೆಗೇ ಕೂರಿಸದಿದ್ದರೆ ನೂರಕ್ಕೆ ನೂರು ಬರುವುದು ಕಷ್ಟವಲ್ಲ. ಹಾಗಾಗಿ ಪಾಸಾದವರ ಸಂಖ್ಯೆಯ ಜೊತೆಗೆ, ಅದೇ ತಂಡದಲ್ಲಿ ಎರಡು ವರ್ಷ ಹಿಂದೆ ಎಷ್ಟು ಮಕ್ಕಳಿದ್ದರು, ಉಳಿದವರು ಎಲ್ಲಿಗೆ ಹೋದರು ಎಂದೂ ಕೇಳಿ. ಕೆಲವರು ಊರು ಬಿಟ್ಟಿರಬಹುದು. ಎಲ್ಲರೂ ಬಿಟ್ಟಿರಲಾರರು.

ಶಾಲೆಗೆ ಹೋದಾಗ ಹೊಸ ಕಂಪ್ಯೂಟರ್ ಕೋಣೆ ತೋರಿಸುತ್ತಾರೆ. ನೋಡಿ, ಬೇಡವೆನ್ನುವುದಿಲ್ಲ. ಆಮೇಲೆ ಮಧ್ಯದ ಬೆಂಚಿನ ಒಂದು ಮಗುವಿನ ಗಣಿತದ ನೋಟ್‌ಬುಕ್ ತೆಗೆಸಿ. ತಪ್ಪಾದ ಭಾಗಾಕಾರಕ್ಕೆ ಕೆಂಪು ಶಾಯಿಯ ಗೀಟು ಎಲ್ಲ ಕಡೆಯೂ ಇರುತ್ತದೆ. ಗೀಟಿನ ಕೆಳಗೆ ಅದೇ ಲೆಕ್ಕವನ್ನು ಮಗು ಮತ್ತೆ ಮಾಡಿದೆಯೇ, ಶೇಷ ಎಲ್ಲಿ ತಪ್ಪಿತೆಂದು ಮೇಷ್ಟ್ರು ಗುರುತು ಮಾಡಿದ್ದಾರೆಯೇ? ಮುಂದಿನ ಬೆಂಚಿನ ನೋಟ್‌ಬುಕ್ ನೋಡಿ ಪ್ರಯೋಜನವಿಲ್ಲ, ಆ ಮಗು ಎಲ್ಲಿದ್ದರೂ ಕಲಿಯುತ್ತದೆ.

ಗಣಿತಕ್ಕೆ ಒಬ್ಬರೇ ಮೇಷ್ಟ್ರಿರುವ ಶಾಲೆಯಲ್ಲಿ ಅವರಿಗೆ ವರ್ಗವಾಗಿ ಹುದ್ದೆ ವರ್ಷವಿಡೀ ಖಾಲಿ ಬಿದ್ದಿದ್ದರೆ, ಆ ವರ್ಷದ ಫಲಿತಾಂಶ ಹಿಡಿದು ಹೆಡ್‌ಮಾಸ್ಟರನ್ನು ತರಾಟೆಗೆ ತೆಗೆದುಕೊಳ್ಳಬೇಡಿ. ಆ ದೂರು ಹೋಗಬೇಕಾದದ್ದು ನೇಮಕ ಮಾಡುವವರ ಕಚೇರಿಗೆ, ಅದೂ ಎರಡೂ ಶಾಲೆಯ ಪೋಷಕರ ಸಹಿಯೊಂದಿಗೆ.