ಯಾರ ಸಲಹೆ ಕೇಳುತ್ತೀರಿ?

ಪ್ರಿಯ ಕೇಳುಗರೇ, ನಿಮಗೆಲ್ಲ ನಮಸ್ಕಾರ.

ಕಾಲೇಜು ಶುರುವಾಗುವ ಹೊತ್ತಿಗೆ ನಮ್ಮ ಸಭೆಗಳ ಎಷ್ಟೋ ಮಕ್ಕಳು ಊರು ಬಿಟ್ಟು ಬೆಂಗಳೂರು, ಮೈಸೂರು, ಮಂಗಳೂರಿನ ಹಾಸ್ಟೆಲ್, ಪಿಜಿಗಳಿಗೆ ಸೇರುತ್ತಾರೆ. ಹೊರಡುವಾಗ ಮನೆಯವರು ಒಂದು ಮಾತು ಹೇಳೇ ಹೇಳುತ್ತಾರೆ. "ನೋಡಪ್ಪ, ಅಲ್ಲಿ ನಮ್ಮ ಚರ್ಚಿನ ಹುಡುಗರ ಜೊತೆಗೇ ಇರು." ಒಳ್ಳೆಯ ಮಾತೇ. ಆದರೆ ಅಷ್ಟೇ ಸಾಕಾಗುವುದಿಲ್ಲ. ಬೈಬಲ್‌ನಲ್ಲಿ ನನ್ನನ್ನು ಬಹಳ ಹೆದರಿಸುವ ಗೆಳೆಯ ಹೊರಗಿನವನಲ್ಲ. ದಾವೀದ ಅರಸನ ಸ್ವಂತ ಅಣ್ಣನ ಮಗ, ಯೋನಾದಾಬ.

ಎರಡನೆಯ ಸಮುವೇಲ 13ನೇ ಅಧ್ಯಾಯ ತೆಗೆದು ಓದಿ. ದಾವೀದನ ಹಿರಿಯ ಮಗ ಅಮ್ನೋನನಿಗೆ ಈ ಯೋನಾದಾಬ ಗೆಳೆಯ. ತುಂಬಾ ಯುಕ್ತಿವಂತ. ಅಮ್ನೋನ ದಿನೇ ದಿನೇ ಸೊರಗುತ್ತಿದ್ದ. ಅದನ್ನು ಗಮನಿಸಿ, "ಯಾಕೆ ಹೀಗಿದ್ದೀಯ, ನನಗೆ ಹೇಳಬಾರದಾ?" ಎಂದು ಕೇಳಿದವನು ಇವನೇ. ಎಷ್ಟು ಕಾಳಜಿ, ಅಲ್ವಾ? ಅಮ್ನೋನ ಬಾಯಿಬಿಟ್ಟ. ದಾವೀದನ ಇನ್ನೊಬ್ಬ ಮಗ ಅಬ್ಷಾಲೋಮನ ತಂಗಿ ತಾಮಾರಳ ಮೇಲೆ ಅವನಿಗೆ ಮನಸ್ಸಾಗಿತ್ತು. ಅವಳು ಅವನಿಗೂ ತಂಗಿಯೇ, ಇಬ್ಬರಿಗೂ ತಂದೆ ಒಬ್ಬನೇ. "ಬೇಡ, ಇದು ತಪ್ಪು" ಎಂದು ಯೋನಾದಾಬ ಹೇಳಬಹುದಿತ್ತು. ಹೇಳಲಿಲ್ಲ. ಕಾಯಿಲೆ ಬಂದವನ ಹಾಗೆ ಮಲಗು, ಅಪ್ಪ ನೋಡಲು ಬಂದಾಗ ತಾಮಾರಳೇ ಬಂದು ಅಡುಗೆ ಮಾಡಿ ಬಡಿಸಲಿ ಅಂತ ಕೇಳು ಎಂದು ದಾರಿ ತೋರಿಸಿದ.

ತಾಮಾರ ನಂಬಿ ಬಂದಳು. ರೊಟ್ಟಿ ಮಾಡಿಕೊಟ್ಟಳು. ಅಮ್ನೋನ ಅವಳನ್ನು ಹಿಡಿದುಕೊಂಡ. "ಬೇಡ ಅಣ್ಣಾ" ಎಂದು ಅವಳು ಎಷ್ಟು ಬೇಡಿಕೊಂಡರೂ ಕೇಳದೆ ಬಲಾತ್ಕಾರ ಮಾಡಿದ. ಗೆಳೆಯರಿಬ್ಬರು ಕೂತು ಮಾತಾಡಿದ್ದಕ್ಕೆ, ಆ ಮಾತಿನಲ್ಲಿ ಪಾಲೇ ಇಲ್ಲದ ಒಬ್ಬಳ ಬದುಕು ಹಾಳಾಯಿತು. ಈ ಅಧ್ಯಾಯದಲ್ಲಿ ನನಗೆ ಜಾಸ್ತಿ ನೋವು ಕೊಡುವುದು ಇದೇ. ಕೆಟ್ಟ ಸಹವಾಸದಿಂದ ನಮ್ಮ ಮಕ್ಕಳು ಕೆಡುತ್ತಾರೆ ಎಂದು ಹೆದರುತ್ತೇವೆ. ಅವರಿಂದ ಇನ್ನೊಬ್ಬರ ಮಕ್ಕಳಿಗೆ ಏನಾದೀತು ಎಂದು ಯೋಚಿಸುವುದು ಕಡಿಮೆ.

2 ವರ್ಷ ಕಳೆದ ಮೇಲೆ ಅಬ್ಷಾಲೋಮ ಅಮ್ನೋನನನ್ನು ಕೊಲ್ಲಿಸಿದ. ಅರಸನ ಮಕ್ಕಳೆಲ್ಲ ಸತ್ತರೆಂದು ಸುದ್ದಿ ಹಬ್ಬಿತು. ಆಗ ದಾವೀದನ ಮುಂದೆ ನಿಂತು, "ಇಲ್ಲ, ಅಮ್ನೋನ ಒಬ್ಬನೇ ಸತ್ತದ್ದು" ಎಂದವನು ಯಾರು ಗೊತ್ತೇ? ಅದೇ ಯೋನಾದಾಬ. ಗೆಳೆಯನಿಗಾಗಿ ಅವನು ಅತ್ತ ಎಂದು ಅಲ್ಲಿ ಬರೆದಿಲ್ಲ.

ಇದೇ ದಾವೀದನಿಗೆ ಪ್ರಾಯದಲ್ಲಿ ಎಂಥ ಗೆಳೆಯನಿದ್ದ ನೋಡಿ. ಯೋನಾತಾನ ಅರಸ ಸೌಲನ ಮಗ. ಅಪ್ಪನ ನಂತರ ಸಿಂಹಾಸನ ಅವನಿಗೇ ಬರಬೇಕಿತ್ತು. ಸೌಲನಿಗೆ ಹೆದರಿ ದಾವೀದ ಜೀಫ್ ಅಡವಿಯಲ್ಲಿ ಅಡಗಿದ್ದಾಗ ಯೋನಾತಾನ ಅಲ್ಲಿಗೇ ಹುಡುಕಿಕೊಂಡು ಹೋದ. ಹೆದರಬೇಡ, ಅರಸನಾಗುವವನು ನೀನೇ ಎಂದು ಹೇಳಿ ಅವನನ್ನು ದೇವರಲ್ಲಿ ಬಲಪಡಿಸಿದ. ತನಗೆ ನಷ್ಟವಾಗುವ ಸತ್ಯವನ್ನು ತಾನೇ ಬಾಯಿಬಿಟ್ಟು ಹೇಳಿದ!

ಗೆಳೆಯರನ್ನು ಅಳೆಯಲು ನನಗೆ ಗೊತ್ತಿರುವುದು ಒಂದೇ ಪ್ರಶ್ನೆ. ಅವರ ಹತ್ತಿರ ಮಾತಾಡಿ ಬಂದ ಮೇಲೆ ಪ್ರಾರ್ಥನೆಗೆ ಕೂರಲು ಮನಸ್ಸು ಬರುತ್ತದಾ, ಇಲ್ವಾ?

ಹಾಗಂತ ಪಕ್ಕದ ರೂಮಿನ ಬೇರೆ ಧರ್ಮದ ಹುಡುಗನನ್ನು ದೂರ ಇಡಿ ಎಂದು ನಾನು ಹೇಳುತ್ತಿಲ್ಲ. ಅದು ತಪ್ಪು. ಯೇಸುಸ್ವಾಮಿ ಜನ ದೂರ ಇಟ್ಟವರ ಜೊತೆಯೂ ಊಟಕ್ಕೆ ಕೂತರು. ಆದರೆ 12 ಮಂದಿ ಶಿಷ್ಯರನ್ನು ಆರಿಸುವ ಮುಂಚೆ ಇಡೀ ರಾತ್ರಿ ಬೆಟ್ಟದ ಮೇಲೆ ಪ್ರಾರ್ಥಿಸಿದರು ಎಂದು ಲೂಕ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಪ್ರೀತಿಸುವುದು ಎಲ್ಲರನ್ನೂ. ಮನಸ್ಸು ಬಿಚ್ಚಿ ಸಲಹೆ ಕೇಳುವುದು ಕೆಲವರ ಹತ್ತಿರ ಮಾತ್ರ.

ಈಗಾಗಲೇ ಯೋನಾದಾಬನಂಥ ಗೆಳೆಯ ಇದ್ದರೆ? ಜಗಳ ಬೇಡ. ಸಿಕ್ಕರೆ ಮಾತಾಡಿಸಿ, ಅವನಿಗಾಗಿ ಪ್ರಾರ್ಥಿಸಿ. ಸಲಹೆ ಕೇಳುವುದನ್ನು ಮಾತ್ರ ನಿಲ್ಲಿಸಿ. ಈ ಭಾನುವಾರ ಆರಾಧನೆ ಮುಗಿದ ಕೂಡಲೇ ಸುಮ್ನೆ ಹೊರಟುಬಿಡಬೇಡಿ. ನಿಮಗೆ "ಬೇಡ" ಎಂದು ಹೇಳುವ ಧೈರ್ಯ ಇರುವ ಒಬ್ಬರು ಅಲ್ಲಿ ಇರುತ್ತಾರೆ. ಪಾಸ್ಟರ್ ಆಗಿರಬಹುದು, ಯೂತ್ ಮೀಟಿಂಗಿನ ಅಣ್ಣನೋ ಅಕ್ಕನೋ ಆಗಿರಬಹುದು. ಹತ್ತಿರ ಹೋಗಿ, "ನಿಮ್ಮ ಜೊತೆ ಸ್ವಲ್ಪ ಮಾತಾಡಬೇಕಿತ್ತು" ಎಂದು ಕೇಳಿ.