ಬೆನ್ನ ಮೇಲಿನ ಮನೆ ನಂಬರು

ಕೇಳುಗರಿಗೆ ನಮಸ್ಕಾರ.

ಫುಟ್‌ಬಾಲ್ ಆಟಗಾರನ ಬೆನ್ನಿಗೆ ಅಂಕಿ ಬರುವುದಕ್ಕೆ ಮೊದಲು ಮೈದಾನಕ್ಕೇ ಅಂಕಿ ಬಂದಿತ್ತು. ತಂದದ್ದು ಬಾನುಲಿ. 1927ರ ಜನವರಿ 22ರಂದು ಲಂಡನ್ನಿನ ಹೈಬರಿ ಮೈದಾನದಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳು ಆಡಿದವು; ಬಿಬಿಸಿ ಆ ಆಟವನ್ನು ನೇರವಾಗಿ ಬಿತ್ತರಿಸಿತು. ಇಪ್ಪತ್ತೆರಡು ಜನ ಓಡಾಡುವ ಆಟವನ್ನು ಕಿವಿಗೆ ಕಾಣಿಸುವುದು ಹೇಗೆ? ಬಿಬಿಸಿಯವರು ಮೈದಾನದ ನಕ್ಷೆಗೆ ಗೆರೆ ಎಳೆದು ಎಂಟು ಚೌಕ ಮಾಡಿದರು, ಚೌಕಗಳಿಗೆ ಅಂಕಿ ಕೊಟ್ಟರು, ನಕ್ಷೆಯನ್ನು ಕಾರ್ಯಕ್ರಮ ಪತ್ರಿಕೆಯಲ್ಲಿ ಮೊದಲೇ ಅಚ್ಚು ಹಾಕಿಸಿದರು. ಒಬ್ಬರು ಆಟವನ್ನು ಬಣ್ಣಿಸುತ್ತಿದ್ದರೆ, ಚೆಂಡು ಯಾವ ಚೌಕದಲ್ಲಿದೆ ಎಂದು ಮತ್ತೊಂದು ದನಿ ನಡುನಡುವೆ ಕೂಗಿ ಹೇಳುತ್ತಿತ್ತು. ಕೇಳುವವರು ನಕ್ಷೆಯ ಮೇಲೆ ಕಣ್ಣಿಟ್ಟು ಕೂರಬಹುದಿತ್ತು.

ಚದುರಂಗದ ಹಾಸಿನ ಚೌಕಕ್ಕೆ ನಾವು ಮನೆ ಎನ್ನುತ್ತೇವೆ. ಹಾಗೆ ನೋಡಿದರೆ ಬಿಬಿಸಿಯವರು ಕೊಟ್ಟದ್ದು ಮನೆ ನಂಬರು. ಒಂದೂವರೆ ವರ್ಷ ಕಳೆದ ಮೇಲೆ ಅಂಗಿಗಳ ಮೇಲೆ ಮೂಡಿದ ಅಂಕಿಗಳೂ ಮನೆ ನಂಬರುಗಳೇ. 7 ಎಂದರೆ ಬಲಗಡೆಯ ಅಂಚು, 9 ಎಂದರೆ ಎದುರಾಳಿಯ ಗೋಲಿನ ಮುಂದಿನ ನಡುಜಾಗ. ಇಂದು ಯಾರಿದ್ದಾನೋ, ನಾಳೆ ಯಾರು ಬರುತ್ತಾನೋ, ಅಂಕಿಗೆ ಅದು ಬೇಕಿರಲಿಲ್ಲ. ಈಗ ಅಂಕಿ ಆಟಗಾರನ ಹೆಸರಿನ ಪಕ್ಕದ ಇನ್ನೊಂದು ಹೆಸರಾಗಿದೆ. ಈ ಎರಡರ ನಡುವೆ ನಡೆದದ್ದನ್ನು ಹೇಳುವುದು ಇವತ್ತಿನ ನನ್ನ ಕೆಲಸ. ನಾನು ಹಳೆಯ ಅಂಕಿಗಳ ಪಕ್ಷಪಾತಿ ಎಂಬುದನ್ನೂ ಈಗಲೇ ಒಪ್ಪಿಕೊಂಡುಬಿಡುತ್ತೇನೆ.

ಮೊದಲು ಹಳೆಯ ವ್ಯೂಹವನ್ನು ಕಣ್ಣ ಮುಂದೆ ತಂದುಕೊಳ್ಳಿ. ಗೋಲ್‌ಕೀಪರ್ 1. ಅವನ ಮುಂದೆ ಇಬ್ಬರು ಫುಲ್ ಬ್ಯಾಕ್‌ಗಳು, ಬಲಕ್ಕೆ 2, ಎಡಕ್ಕೆ 3. ಅವರ ಮುಂದಿನ ಸಾಲಿನಲ್ಲಿ ಮೂವರು ಹಾಫ್‌ಗಳು, ಬಲದಿಂದ ಎಡಕ್ಕೆ 4, 5, 6. ಎಲ್ಲರಿಗಿಂತ ಮುಂದೆ ಐವರು ಮುಂದಾಳುಗಳ ಸಾಲು, 7ರಿಂದ 11ರವರೆಗೆ. ಅಂಚಿನಲ್ಲಿ 7 ಮತ್ತು 11, ನಡುವೆ 9, ಅವನ ಎರಡು ಮಗ್ಗುಲಲ್ಲಿ 8 ಮತ್ತು 10. ಇದೇ 2-3-5. ಗೋಲ್‌ಕೀಪರ್‌ನನ್ನು ತುದಿ ಎಂದುಕೊಂಡರೆ ಪಿರಮಿಡ್ಡಿನ ಆಕಾರ ಬರುತ್ತದೆ. ಹಿಂದೆ ಇಬ್ಬರು, ಮುಂದೆ ಐವರು ಎಂದರೆ ಇಂದಿನ ತರಬೇತುದಾರನಿಗೆ ರಾತ್ರಿ ನಿದ್ದೆ ಬಾರದು. ಆದರೆ ಆಗಿನ ಆಫ್‌ಸೈಡ್ ನಿಯಮ ಬಿಗಿಯಾಗಿತ್ತು. ಚೆಂಡು ಬರುವಾಗ ಮುಂದಾಳಿನ ಮತ್ತು ಗೋಲಿನ ಗೆರೆಯ ನಡುವೆ ಮೂವರು ಎದುರಾಳಿಗಳು ಇರಬೇಕಿತ್ತು, ಇಲ್ಲದಿದ್ದರೆ ತಪ್ಪು. ಫುಲ್ ಬ್ಯಾಕ್ ಒಬ್ಬ ಸರಿಯಾದ ಗಳಿಗೆಯಲ್ಲಿ ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು, ಎದುರಿನ ಅರ್ಧ ಸಾಲು ಬಲೆಗೆ ಬೀಳುತ್ತಿತ್ತು.

1925ರಲ್ಲಿ ಆ ಮೂವರು ಇಬ್ಬರಾದರು. ಬಲೆ ಹರಿಯಿತು. ಇಂಗ್ಲೆಂಡಿನ ಮೊದಲ ಡಿವಿಷನ್ನಿನಲ್ಲಿ ಹಿಂದಿನ ಋತುವಿನ 1,192 ಗೋಲುಗಳು ಮುಂದಿನ ಋತುವಿಗೆ 1,703 ಆದವು. ಆ ವರ್ಷವೇ ಆರ್ಸೆನಲ್‌ಗೆ ಹರ್ಬರ್ಟ್ ಚಾಪ್‌ಮನ್ ವ್ಯವಸ್ಥಾಪಕರಾಗಿ ಬಂದರು. ಅಕ್ಟೋಬರಿನಲ್ಲಿ ನ್ಯೂಕ್ಯಾಸಲ್ ಎದುರು ತಂಡ 7-0 ಗೋಲುಗಳಿಂದ ಸೋತಿತು. ಅನುಭವಿ ಆಟಗಾರ ಚಾರ್ಲಿ ಬಕನ್ ಮೊದಲಿನಿಂದಲೂ ಹೇಳುತ್ತಿದ್ದ ಮಾತಿಗೆ ಆಗ ಬೆಲೆ ಬಂತು: ನಡುವಿನ ಹಾಫ್‌ನನ್ನು, ಅಂದರೆ ಸೆಂಟರ್ ಹಾಫ್ ಎನಿಸಿಕೊಂಡ 5ರ ಜಾಗದವನನ್ನು, ಹಿಂದಕ್ಕೆ ಎಳೆದು ಇಬ್ಬರು ಫುಲ್ ಬ್ಯಾಕ್‌ಗಳ ನಡುವೆ ನಿಲ್ಲಿಸಿ. ಹಿಂದೆ ಮೂವರಾದರು. ನಡುವೆ ಆದ ಖಾಲಿಯನ್ನು ತುಂಬಲು 8 ಮತ್ತು 10 ಕೆಳಗಿಳಿದರು. ಕ್ರಮೇಣ ಅದು 3-2-2-3 ಎಂದು ನೆಲೆಗೊಂಡಿತು. ಮೇಲಿನಿಂದ ನೋಡಿದರೆ ಇಂಗ್ಲಿಷಿನ ಡಬ್ಲ್ಯು ಮತ್ತು ಎಂ ಅಕ್ಷರಗಳನ್ನು ಒಂದರ ಕೆಳಗೊಂದು ಇಟ್ಟಂತೆ ಕಾಣುತ್ತದೆ ಎಂದು ಅದಕ್ಕೆ ಡಬ್ಲ್ಯು-ಎಂ ಎಂದೇ ಹೆಸರಾಯಿತು.

ಈಗ ಬರುವುದು ನನಗೆ ಬಹಳ ಇಷ್ಟವಾದ ವಿಚಿತ್ರ. 1928ರ ಆಗಸ್ಟ್ 25ರಂದು ಇಂಗ್ಲಿಷ್ ಲೀಗಿನ ಎರಡು ಆಟಗಳಲ್ಲಿ ಅಂಗಿಗಳ ಮೇಲೆ ಅಂಕಿಗಳು ಕಾಣಿಸಿಕೊಂಡವು. ಒಂದು ಚೆಲ್ಸಿಯ ಆಟ, ಇನ್ನೊಂದು ಆರ್ಸೆನಲ್‌ನದು. ಅಂಕಿಗಳಿಗಾಗಿ ಹಟ ಹಿಡಿದವರಲ್ಲಿ ಚಾಪ್‌ಮನ್ ಮುಂಚೂಣಿಯಲ್ಲಿದ್ದರು. 5ರ ಮನೆಯನ್ನು ಕೆಡವಿ ಬೇರೆ ಕಡೆ ಕಟ್ಟಿಸಿದವರೂ ಅವರೇ, ಹಳೆಯ ಬೀದಿಯ ಕ್ರಮದಲ್ಲೇ ನಂಬರು ಬರೆಸಿದವರೂ ಅವರೇ! ಹಿಂದಿನ ಮೂವರನ್ನು 2, 3, 4 ಎಂದು ಎಣಿಸದೆ, ಮುರಿದುಹೋದ ಪಿರಮಿಡ್ಡಿನ ಲೆಕ್ಕವನ್ನೇ ಇಟ್ಟುಕೊಂಡರು. ಫುಟ್‌ಬಾಲ್ ಅಂಕಿಗಳು ಹುಟ್ಟುವಾಗಲೇ ಹಳೆಯವಾಗಿದ್ದವು.

ಪ್ರಯೋಗವೇನೋ ಒಪ್ಪಿಗೆಯಾಗಲು ತಡವಾಯಿತು. 1933ರ ಎಫ್‌ಎ ಕಪ್ ಫೈನಲ್ಲಿನಲ್ಲಿ ಎವರ್ಟನ್ ಆಟಗಾರರು 1ರಿಂದ 11, ಮ್ಯಾಂಚೆಸ್ಟರ್ ಸಿಟಿಯವರು 12ರಿಂದ 22 ಹಾಕಿಕೊಂಡರು. ಎರಡೂ ತಂಡಗಳಿಗೆ 1ರಿಂದ 11 ಎಂಬ ಕಡ್ಡಾಯ ನಿಯಮ ಬಂದದ್ದು 1939ರಲ್ಲಿ. ಪಟ್ಟೆ ಅಂಗಿಯ ಅಂದ ಕೆಡುತ್ತದೆಂದು ಮೂಗು ಮುರಿದ ಕ್ಲಬ್ಬುಗಳೂ ಇದ್ದವು. 1967ರಲ್ಲಿ ಯುರೋಪಿಯನ್ ಕಪ್ ಗೆದ್ದ ಗ್ಲಾಸ್ಗೋದ ಸೆಲ್ಟಿಕ್ ತಂಡ ಲಿಸ್ಬನ್ನಿನ ಆ ಫೈನಲ್ಲಿಗೂ ಅಂಕಿಯನ್ನು ಚಡ್ಡಿಯ ಮೇಲಷ್ಟೇ ಹಾಕಿಕೊಂಡು ಬಂದಿತ್ತು.

ಅಂಕಿಯನ್ನು ನಂಬಿ ಕೆಟ್ಟವರ ಕಥೆಯೊಂದನ್ನು ಹೇಳಬೇಕು. 1953ರ ನವೆಂಬರ್ 25, ವೆಂಬ್ಲಿ. ಇಂಗ್ಲೆಂಡಿನ ಎದುರು ಹಂಗೆರಿ. ಇಂಗ್ಲೆಂಡಿನ 5 ಹ್ಯಾರಿ ಜಾನ್‌ಸ್ಟನ್. ಎದುರಿನ 9ರವನನ್ನು ನೆರಳಿನಂತೆ ಕಾಯುವುದು 5ರವನ ಧರ್ಮ. ಆದರೆ ಹಂಗೆರಿಯ 9, ನಾಂಡೋರ್ ಹಿಡೆಗ್‌ಕುಟಿ, ಗೋಲಿನ ಹತ್ತಿರ ನಿಲ್ಲುತ್ತಲೇ ಇರಲಿಲ್ಲ. ಮೈದಾನದ ನಡುವಿಗೆ ಇಳಿದುಬಿಡುತ್ತಿದ್ದರು. ಅವರ ಬೆನ್ನು ಹತ್ತಿ ಹೋದರೆ ಜಾನ್‌ಸ್ಟನ್ ಬಿಟ್ಟ ಬಾಗಿಲಿನಲ್ಲಿ ಪುಷ್ಕಾಶ್ ಮತ್ತು ಕೋಚಿಶ್ ನುಗ್ಗುತ್ತಿದ್ದರು. ಹೋಗದೆ ನಿಂತರೆ ಹಿಡೆಗ್‌ಕುಟಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಆಟ ಶುರುವಾಗಿ ಒಂದು ನಿಮಿಷ ತುಂಬುವ ಮೊದಲೇ ಅವರು ಗೋಲು ಹೊಡೆದರು, ಮುಗಿಯುವಷ್ಟರಲ್ಲಿ ಮೂರು ಹೊಡೆದಿದ್ದರು. ಹಂಗೆರಿ 6, ಇಂಗ್ಲೆಂಡ್ 3. ಸಾಲದ್ದಕ್ಕೆ ಹಂಗೆರಿಯವರ ಎಣಿಕೆಯೇ ಬೇರೆ. ಹಿಂದಿನ ಮೂವರಿಗೆ 2, 3, 4, ನಡುವಿನವರಿಗೆ 5 ಮತ್ತು 6 ಎಂದು ತಮ್ಮ ವ್ಯೂಹಕ್ಕೆ ಒಪ್ಪುವಂತೆ ಹಂಚಿದ್ದರು. ಲಂಡನ್ನಿನ ಪ್ರೇಕ್ಷಕರು 5ನ್ನು ಹುಡುಕಿದ ಕಡೆ 3 ನಿಂತಿತ್ತು.

ಐವತ್ತರ ದಶಕ ದಾಟುವಾಗ ಹಿಂದೆ ಮೂವರೂ ಸಾಲದಾದರು, ನಾಲ್ವರು ಬೇಕಾದರು. ಬ್ರೆಜಿಲ್ 1958ರ ವಿಶ್ವಕಪ್ಪನ್ನು ಗೆದ್ದದ್ದು 4-2-4 ವ್ಯೂಹದಿಂದ. ಆ ನಾಲ್ಕನೆಯವನನ್ನು ಎಲ್ಲಿಂದ ಕರೆತರುವುದು? ಒಂದೊಂದು ದೇಶ ಒಂದೊಂದು ಮನೆಯಿಂದ ಕರೆತಂದಿತು, ಆ ನಿರ್ಧಾರದ ಗುರುತು ಅಂಗಿಗಳ ಮೇಲೆ ಉಳಿಯಿತು. ಇಂಗ್ಲೆಂಡ್ 6ನ್ನು ಹಿಂದಕ್ಕೆಳೆದು 5ರ ಪಕ್ಕ ನಿಲ್ಲಿಸಿತು. 1966ರಲ್ಲಿ ವಿಶ್ವಕಪ್ ಎತ್ತಿ ಹಿಡಿದ ಬಾಬಿ ಮೂರ್ 6, ಅವರ ಜೊತೆಗಾರ ಜಾಕ್ ಚಾರ್ಲ್‌ಟನ್ 5. ನಡುವೆ ಕಾವಲಿಗೆ ಉಳಿದವರು 4, ನಾಬಿ ಸ್ಟೈಲ್ಸ್. ಬ್ರೆಜಿಲ್‌ನಲ್ಲಿ 6 ಎಡ ಅಂಚಿನ ಹಿಂದಾಳಾಯಿತು, 3 ಮತ್ತು 4 ನಡುವೆ ಸೇರಿಕೊಂಡವು, 5 ಮಾತ್ರ ಮೈದಾನದ ನಡುವಿನಲ್ಲೇ ಉಳಿಯಿತು. 2002ರಲ್ಲಿ ಬಲ ಅಂಚಿನ ಕಫು 2, ಎಡ ಅಂಚಿನ ರಾಬರ್ಟೊ ಕಾರ್ಲೊಸ್ 6 ಆಗಿದ್ದು ಅದಕ್ಕೇ. ಅರ್ಜೆಂಟೀನಾದವರಿಗೆ ಬಲ ಅಂಚು 4, ಎಡ ಅಂಚು 3, ನಡುವಿನ ಇಬ್ಬರು 2 ಮತ್ತು 6. ಇಟಲಿಯ ಇಂಟರ್ ತಂಡಕ್ಕೆ ಹೋದ ಮೇಲೂ ಹಾವಿಯೆರ್ ಜಾನೆಟ್ಟಿ 4 ಎಂದೇ ಹೆಸರಾದರು. ಅರ್ಜೆಂಟೀನಾದಲ್ಲಿಯೂ 5 ನಡುವಿನಲ್ಲೇ ಉಳಿಯಿತು. ಆ ಜಾಗದ ಆಟಗಾರನನ್ನು ಇಂದಿಗೂ ಅವರ ಭಾಷೆಯಲ್ಲಿ "ಐದು" ಎಂದೇ ಕರೆಯುತ್ತಾರೆ. ಹಿಂದಿನ ಸಾಲಿನ ನಾಲ್ಕು ಅಂಕಿಗಳನ್ನು ಓದಿ ಹೇಳಿದರೆ ಆ ತಂಡ ಯಾವ ನಾಡಿನ ಆಟದ ಮನೆತನಕ್ಕೆ ಸೇರಿದ್ದೆಂದು ಊಹಿಸಬಹುದಾಗಿತ್ತು. ಮಾತು ಕೇಳಿ ಸೀಮೆ ಗುರುತಿಸಿದ ಹಾಗೆ.

ವಿಶ್ವಕಪ್ಪುಗಳಲ್ಲಿ ಈ ಶಿಸ್ತು ಆಗಾಗ ಎಡವಿತು. 1958ರಲ್ಲಿ ಬ್ರೆಜಿಲ್ ತನ್ನ ಅಂಕಿಪಟ್ಟಿಯನ್ನೇ ಕಳಿಸಿರಲಿಲ್ಲ, ಬೇರೆ ಯಾರೋ ಹಂಚಿಬಿಟ್ಟರು ಎನ್ನುತ್ತಾರೆ. ಅವರ ಗೋಲ್‌ಕೀಪರ್ ಗಿಲ್ಮಾರ್ 3 ಹಾಕಿಕೊಂಡು ಫೈನಲ್ ಆಡಿದ್ದನ್ನು ನೋಡಿದರೆ ನಂಬಬೇಕು ಅನಿಸುತ್ತದೆ. ಆ ಗಡಿಬಿಡಿಯಲ್ಲಿ 17 ವರ್ಷದ ಹುಡುಗನೊಬ್ಬನ ಪಾಲಿಗೆ 10 ಬಂತು. ಹುಡುಗನ ಹೆಸರು ಪೆಲೆ. ಎಡಗಡೆಯ ಒಳ ಮುಂದಾಳಿನ ಮನೆ ನಂಬರು ಅಲ್ಲಿಂದ ಮುಂದೆ ಸಿಂಹಾಸನವಾಯಿತು. 1974ರಲ್ಲಿ ನೆದರ್ಲೆಂಡ್ಸ್ ಆಟಗಾರರ ಮನೆತನದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ಅಂಕಿ ಕೊಟ್ಟಿತು. ಮುಂದಾಳು ರೂಡ್ ಗೀಲ್ಸ್ 1, ಗೋಲ್‌ಕೀಪರ್ ಯಾನ್ ಯಾಂಗ್‌ಬ್ಲೂಟ್ 8. ನ್ಯಾಯವಾಗಿ ಯೋಹಾನ್ ಕ್ರೈಫ್ 1 ಆಗಬೇಕಿತ್ತು. ಅವರು 14 ಬಿಟ್ಟುಕೊಡಲಿಲ್ಲ. ಹಿಂದಾಳು ಮುಂದೆ ಹೋದರೆ ಮುಂದಾಳು ಹಿಂದೆ ಬರುವ ಆಟ ಅವರದು. ಅಂಥ ತಂಡಕ್ಕೆ ಮನೆ ನಂಬರು ಕೊಟ್ಟು ಪ್ರಯೋಜನವೂ ಇರಲಿಲ್ಲ. 1982ರಲ್ಲಿ ಅರ್ಜೆಂಟೀನಾ ಹಾಗೆಯೇ ಮಾಡಿದಾಗ ಮಿಡ್‌ಫೀಲ್ಡರ್ ಆರ್ಡಿಲೆಸ್‌ಗೆ 1 ಸಿಕ್ಕಿತು, ಮರಡೋನಾಗೆ ಮಾತ್ರ ಅಕ್ಷರಮಾಲೆಯಿಂದ ವಿನಾಯಿತಿ, 10. ವಿಶ್ವಕಪ್ಪಿನಲ್ಲಿ 1 ಗೋಲ್‌ಕೀಪರ್‌ಗೇ ಸಲ್ಲಬೇಕೆಂಬ ನಿಯಮ ಈಗ ಇದೆ.

ಹಳೆಯ ಲೆಕ್ಕಕ್ಕೆ ಕೊನೆಯ ಮೊಳೆ ಬಿದ್ದದ್ದು 1993ರಲ್ಲಿ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಆ ಋತುವಿನಿಂದ ಪ್ರತಿ ಆಟಗಾರನಿಗೆ ವರ್ಷವಿಡೀ ಒಂದೇ ಅಂಕಿ, ಜೊತೆಗೆ ಬೆನ್ನ ಮೇಲೆ ಹೆಸರು ಎಂದು ಗೊತ್ತುಮಾಡಿತು. ಅದಕ್ಕೆ ಮೊದಲು ಅಂದಿನ ಹನ್ನೊಂದು ಜನರಲ್ಲಿ ಸೇರಿದವನಿಗೆ ಮಾತ್ರ ಆ ಅಂಕಿ. ಮುಂದಿನ ವಾರ 7 ಇನ್ನೊಬ್ಬನದು. ಹೊಸ ಕ್ರಮದಲ್ಲಿ ಅಂಕಿ ಸ್ವಂತ ಆಸ್ತಿಯಾಯಿತು, ಆಸ್ತಿಯೆಂದ ಮೇಲೆ ವ್ಯಾಜ್ಯವೂ ಬರಬೇಕಲ್ಲ. ಇಂಟರ್ ತಂಡದಲ್ಲಿ 9 ರೊನಾಲ್ಡೊ ಪಾಲಾದಾಗ ಇವಾನ್ ಜಮೊರಾನೊ 18 ತೆಗೆದುಕೊಂಡು, 1 ಮತ್ತು 8ರ ನಡುವೆ ಕೂಡಿಸುವ ಚಿಹ್ನೆ ಹಾಕಿಸಿಕೊಂಡರು. ಕೂಡಿದರೆ 9 ಬರುತ್ತದಲ್ಲ! ಮಿಲಾನ್‌ನಲ್ಲಿ ರೊನಾಲ್ಡಿನ್ಯೊ ಹುಟ್ಟಿದ ವರ್ಷದ 80 ಹಾಕಿಕೊಂಡರು. 2006ರಲ್ಲಿ ಆರ್ಸೆನಲ್‌ನ ಹಿಂದಾಳು ವಿಲಿಯಂ ಗಲಾಸ್‌ಗೆ 10 ಕೊಟ್ಟರು. ಇದನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನಾಪೊಲಿ ಕ್ಲಬ್ ಮರಡೋನಾ ಅವರ 10ನ್ನು ಯಾರಿಗೂ ಕೊಡದೆ ತೆಗೆದಿಟ್ಟಿದೆ. ಅರ್ಜೆಂಟೀನಾ 2002ರ ವಿಶ್ವಕಪ್ಪಿನಲ್ಲಿ ಅದನ್ನೇ ಮಾಡಹೊರಟಾಗ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಒಪ್ಪಲಿಲ್ಲ. ಆರಿಯೆಲ್ ಒರ್ಟೆಗಾ ಹಾಕಿಕೊಂಡರು.

ಅಂಗಿಯಿಂದ ಹೊರಬಿದ್ದ ಹಳೆಯ ಅಂಕಿಗಳು ಮಾತಿನಲ್ಲಿ ಬದುಕಿವೆ. ತರಬೇತುದಾರರು ತಮಗೆ ಒಳ್ಳೆಯ 6, ಅಂದರೆ ಹಿಂದಾಳುಗಳ ಮುಂದೆ ನಿಂತು ಕಾಯುವವನು, ಬೇಕು ಎನ್ನುತ್ತಾರೆ, ಆ ಆಟಗಾರನ ಬೆನ್ನ ಮೇಲೆ 16 ಇರಬಹುದು, 41 ಇರಬಹುದು. 10 ಹಾಕಿಕೊಂಡ ಮೆಸ್ಸಿ 2009ರ ಮೇ ತಿಂಗಳಲ್ಲಿ ರಿಯಲ್ ಮ್ಯಾಡ್ರಿಡ್ ಎದುರು ಬಾರ್ಸಿಲೋನಾ 6-2 ಗೆದ್ದಾಗ ಆಡಿದ ಜಾಗವನ್ನು "ಸುಳ್ಳು 9" ಎಂದು ಕರೆದರು: ಗೋಲಿನ ಮುಂದೆ ನಿಲ್ಲದೆ ನಡುವಿಗೆ ಇಳಿಯುವ 9. ಹಿಡೆಗ್‌ಕುಟಿ ಇದ್ದಿದ್ದರೆ ನಗುತ್ತಿದ್ದರು. ವ್ಯೂಹಗಳೂ ಈಗ ಒಂದೇ ರೂಪದಲ್ಲಿ ನಿಲ್ಲುವುದಿಲ್ಲ. ಚೆಂಡು ಎದುರಾಳಿಯ ಬಳಿ ಇರುವಾಗ ಹಿಂದೆ ನಾಲ್ವರು, ತಮ್ಮ ಬಳಿ ಬಂದಾಗ ಮೂವರು. ಆಟದ ಮುನ್ನ ಪರದೆಯ ಮೇಲೆ ತೋರಿಸುವ 4-3-3 ಎಂಬುದು ಒಂಬತ್ತು ಸೆಕೆಂಡಿನ ಸತ್ಯ.

ಹೀಗೆ ರೂಪ ಬದಲಿಸುವ ತಂಡಗಳಲ್ಲಿ ಒಂದು ತರಬೇತುದಾರ ಗಾರ್ಡಿಯೊಲಾ ಅವರ ಮ್ಯಾಂಚೆಸ್ಟರ್ ಸಿಟಿ. 2023ರ ಜೂನ್ 10ರಂದು ಇಸ್ತಾಂಬುಲ್‌ನಲ್ಲಿ ಚಾಂಪಿಯನ್ಸ್ ಲೀಗ್ ಫೈನಲ್. ಸಿಟಿಯ ಕೈಗೆ ಚೆಂಡು ಬಂದಾಗಲೆಲ್ಲ ಹಿಂದೆ ಮೂವರು ಉಳಿಯುತ್ತಿದ್ದರು, ಮುಂದಿನ ಮಂದಿ ಹರಡಿಕೊಳ್ಳುತ್ತಿದ್ದರು. ದೂರದಿಂದ ನೋಡಿದರೆ ಚಾಪ್‌ಮನ್ ಅವರ ನಕ್ಷೆಯ ನೆನಪು ತರುವ ಆಕಾರ. ಒಬ್ಬ ಹಿಂದಾಳು ಮಾತ್ರ ತನ್ನ ಸಾಲು ಬಿಟ್ಟು ಮೈದಾನದ ನಡುವಿಗೆ ನಡೆದು ಬಂದು, ಅಲ್ಲಿಂದ ಆಟ ಆಡುತ್ತಿದ್ದರು. ಜಾನ್ ಸ್ಟೋನ್ಸ್. ಅವರಿಗೆ ಆ ಅಂಕಿಯನ್ನು ಯಾರೂ ಈ ಕಾರಣಕ್ಕೆಂದು ಕೊಟ್ಟದ್ದಲ್ಲ. ಆದರೂ ಅಂದು ಸೆಂಟರ್ ಹಾಫ್‌ನ ಹಳೆಯ ಮನೆಯ ಸುತ್ತ ಓಡಾಡಿದ ಆ ಬೆನ್ನಿನ ಮೇಲೆ ಇದ್ದದ್ದು 5.

ನಮಸ್ಕಾರ.