ಕಾಸಿಲ್ಲದ ಸಭೆಗಳು ಹಾಕಿಸಿದ ರಸ್ತೆಗಳು

ಕೇಳುಗರಿಗೆ ನಮಸ್ಕಾರ.

1804ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಶಾಸನಸಭೆ ರಸ್ತೆಗೆ ಅಂತ ಒಂದು ಕಾನೂನು ಮಾಡಿತು. ರಸ್ತೆ 20 ಅಡಿ ಅಗಲ ಇರಬೇಕು, ಅಡ್ಡ ಬಂದ ಮರ ಕಡಿಯಬೇಕು. ಕಡಿದ ಮೇಲೆ ಉಳಿಯುವ ಬುಡ ಒಂದು ಅಡಿಗಿಂತ ಎತ್ತರ ಇರಬಾರದು. ಸರಿಯಾಗಿ ಕೇಳಿಸಿಕೊಳ್ಳಿ, ಬುಡ ಇರಲೇಬಾರದು ಅಂತಲ್ಲ, ಒಂದು ಅಡಿವರೆಗೆ ಇರಬಹುದು, ಅದೂ ರಸ್ತೆಯ ಮಧ್ಯದಲ್ಲಿ! ಬಂಡಿಯ ಅಚ್ಚು ತಗುಲದೆ ಮೇಲಿಂದ ದಾಟಿಹೋದರೆ ಸಾಕು, ಅದೇ ಸರ್ಕಾರಿ ರಸ್ತೆ.

ಸಭೆಯವರಿಗೆ ತಿಳಿವಳಿಕೆ ಇರಲಿಲ್ಲ ಅಂತಲ್ಲ. ಬುಡ ಕೀಳಿಸಲು ಆಳು ಬೇಕು, ಆಳಿಗೆ ಕೂಲಿ ಬೇಕು. ಖಜಾನೆಯಲ್ಲಿ ಅದಕ್ಕೆ ಕಾಸಿಲ್ಲ. ಆಗಿನ ಅಮೆರಿಕದಲ್ಲಿ ರಸ್ತೆ ಬಹುಮಟ್ಟಿಗೆ ರಾಜ್ಯಗಳ ತಲೆನೋವು. ಆ ರಾಜ್ಯಗಳ ಸಭೆಗಳ ಕೈಯಲ್ಲಿ ಇದ್ದದ್ದು ಕಾನೂನು ಬರೆಯುವ ಅಧಿಕಾರ ಒಂದೇ. ದುಡ್ಡು, ದುಡಿಮೆ, ಜಾಗ ಎಲ್ಲವನ್ನೂ ಬೇರೆಯವರಿಂದಲೇ ತರಬೇಕಿತ್ತು.

ದುಡಿಮೆಯನ್ನು ಊರಿನವರಿಂದಲೇ ತೆಗೆದರು. ಇದು ಬ್ರಿಟಿಷರ ಕಾಲದಿಂದ ಬಂದ ಪದ್ಧತಿ. ವಯಸ್ಸಿಗೆ ಬಂದ ಗಂಡಸರೆಲ್ಲ ವರ್ಷಕ್ಕೆ ಕೆಲವು ದಿನ ರಸ್ತೆ ಕೆಲಸಕ್ಕೆ ಬರಬೇಕು. ಗುದ್ದಲಿ, ನೇಗಿಲು, ಎತ್ತು ಅವರದ್ದೇ. ಬರದಿದ್ದರೆ ದಂಡ ಕಟ್ಟಬೇಕು, ಇಲ್ಲವೇ ಬದಲಿ ಆಳು ಕಳಿಸಬೇಕು. ನಮ್ಮ ಹಳೆಯ ಬಿಟ್ಟಿ ಕೆಲಸದ ಹಾಗೇ. ಇನ್ನು ಮೇಸ್ತ್ರಿ ಯಾರು? ಪಕ್ಕದ ಹೊಲದವನೇ. ನಾಳೆ ಸುಗ್ಗಿಗೆ ಅವರ ಸಹಾಯವೇ ಬೇಕಾದವನು ಇವತ್ತು ಅವರನ್ನು ಗದರಿಸಿ ದುಡಿಸುತ್ತಾನಾ? ಅಲ್ಲಲ್ಲಿ ಮಣ್ಣು ಎಳೆದು, ಹರಟೆ ಹೊಡೆದು ಮನೆಗೆ ಹೋಗುವವರೇ ಜಾಸ್ತಿ. ಮೊದಲ ಮಳೆಗೆ ಆ ಮಣ್ಣೂ ಹೋಗುತ್ತಿತ್ತು.

ಹಳ್ಳಿ ದಾರಿಗೆ ಇದು ಹೇಗೋ ನಡೆಯಿತು. ಆದರೆ ಫಿಲಡೆಲ್ಫಿಯಾದಂಥ ಪೇಟೆಗೆ ಒಳನಾಡಿನ ಗೋಧಿ ಬರಬೇಕಲ್ಲ? ಅದಕ್ಕೆ ಪೆನ್ಸಿಲ್ವೇನಿಯಾ ಸಭೆ 1792ರ ಏಪ್ರಿಲ್‌ನಲ್ಲಿ ಬೇರೆ ದಾರಿ ಹುಡುಕಿತು. ಒಂದು ಕಂಪನಿಗೆ ಸನ್ನದು ಕೊಟ್ಟು, ನೀವೇ ರಸ್ತೆ ಹಾಕಿ, ನೀವೇ ಸುಂಕ ವಸೂಲಿ ಮಾಡಿಕೊಳ್ಳಿ ಅಂದಿತು. ಫಿಲಡೆಲ್ಫಿಯಾದಿಂದ ಲ್ಯಾಂಕಾಸ್ಟರ್‌ವರೆಗೆ 62 ಮೈಲಿ. ಒಂದು ಷೇರಿಗೆ 300 ಡಾಲರ್. ಆ ಕಾಲಕ್ಕೆ ಅದು ಸಣ್ಣ ದುಡ್ಡಲ್ಲ. ಆದರೂ ಜನ ಮುಗಿಬಿದ್ದರು. ಷೇರು ಕಡಿಮೆ, ಕೇಳುವವರು ಜಾಸ್ತಿ. ಕೊನೆಗೆ ಲಾಟರಿ ಎತ್ತಿ ಹಂಚಬೇಕಾಯಿತು. ಸುಮಾರು 4 ಲಕ್ಷ 65 ಸಾವಿರ ಡಾಲರ್ ಖರ್ಚಾಗಿ, ಜಲ್ಲಿ ಹಾಸಿದ ಗಟ್ಟಿ ರಸ್ತೆ ಎದ್ದಿತು.

ಸುಂಕದ ಕಟ್ಟೆಯಲ್ಲಿ ಬಂಡಿ ನಿಂತರೆ ಎಷ್ಟು ಕುದುರೆ ಅಂತ ಎಣಿಸುವುದರ ಜೊತೆಗೆ ಚಕ್ರದ ಪಟ್ಟಿಯ ಅಗಲವನ್ನೂ ನೋಡುತ್ತಿದ್ದರು. ಪಟ್ಟಿ ಅಗಲ ಇದ್ದಷ್ಟೂ ಸುಂಕ ಕಡಿಮೆ. ಸಣ್ಣ ಪಟ್ಟಿ ರಸ್ತೆಯನ್ನು ಕೊಯ್ದು ಕೊರಕಲು ಮಾಡುತ್ತದೆ, ಅಗಲ ಪಟ್ಟಿ ಜಲ್ಲಿಯನ್ನು ತುಳಿದು ಕೂರಿಸುತ್ತದೆ. ಸುಂಕ ಕೊಡುವವನ ಕೈಯಲ್ಲೇ ರಸ್ತೆ ರಿಪೇರಿ ಮಾಡಿಸುವ ಈ ಉಪಾಯ ಹೊಳೆದವನ ತಲೆಗೆ ಕೈ ಮುಗಿಯಬೇಕು.

ಮುಂದೆ ಬೇರೆ ರಾಜ್ಯಗಳೂ ಸಾಲುಸಾಲಾಗಿ ಸನ್ನದು ಕೊಟ್ಟವು. ಜೊತೆಗೆ ವಿನಾಯಿತಿಗಳನ್ನೂ ಬರೆದವು. ಚರ್ಚಿಗೆ ಹೋಗುವವನಿಗೆ ಸುಂಕವಿಲ್ಲ, ಗಿರಣಿಗೆ ಹಿಟ್ಟು ಮಾಡಿಸಲು ಹೋಗುವವನಿಗೆ ಇಲ್ಲ, ಸಾವಿಗೆ ಹೋಗುವವನಿಗೆ ಇಲ್ಲ. ಭಾನುವಾರ ಎಷ್ಟು ಜನಕ್ಕೆ ಇದ್ದಕ್ಕಿದ್ದಂತೆ ಭಕ್ತಿ ಬಂತೋ ದೇವರೇ ಬಲ್ಲ! ಇನ್ನು ಕೆಲವರು ಕಟ್ಟೆಯ ಪಕ್ಕದ ಹೊಲದಲ್ಲೇ ಬಳಸುದಾರಿ ಮಾಡಿಕೊಂಡರು. ಬಹುಪಾಲು ಕಂಪನಿಗಳಿಗೆ ಲಾಭ ಕೈಗೆ ಹತ್ತಲಿಲ್ಲ.

ಪಶ್ಚಿಮದ ಹೊಸ ರಾಜ್ಯಗಳಲ್ಲಿ ಷೇರು ಕೊಳ್ಳುವ ಸಾಹುಕಾರರೂ ಕಡಿಮೆ. ಅಲ್ಲಿ ಇದ್ದದ್ದು ಭೂಮಿ. ಅದು ಯಾರ ಭೂಮಿ ಅಂತ ಕೇಳಿದರೆ ಕಥೆ ಬೇರೆಯಾಗುತ್ತದೆ.

1826ರ ಅಕ್ಟೋಬರ್‌ನಲ್ಲಿ ಇಂಡಿಯಾನಾದ ವಾಬಾಶ್ ನದಿಯ ದಡದಲ್ಲಿ, ಅಲ್ಲಿನ ಮೂಲನಿವಾಸಿಗಳಾದ ಪೊಟವಾಟಮಿ ಜನರ ಜೊತೆ ಒಂದು ಒಪ್ಪಂದ ಆಯಿತು. ಮಿಷಿಗನ್ ಸರೋವರದಿಂದ ವಾಬಾಶ್‌ವರೆಗೆ 100 ಅಡಿ ಅಗಲದ ಪಟ್ಟಿಯನ್ನು ಅವರು ರಸ್ತೆಗೆ ಬಿಟ್ಟುಕೊಡಬೇಕು. ಅಷ್ಟೇ ಅಲ್ಲ, ಅಲ್ಲಿಂದ ದಕ್ಷಿಣದ ಒಹಾಯೊ ನದಿವರೆಗೆ ಹೋಗುವ ಇಡೀ ರಸ್ತೆಯ ಮೈಲಿ ಮೈಲಿಗೂ 640 ಎಕರೆ ಒಳ್ಳೆಯ ಜಮೀನು ಕೊಡಬೇಕು. ಅಮೆರಿಕದ ಜನರ ಮೇಲಿನ ಪ್ರೀತಿಯಿಂದ ಇದನ್ನು ಕೊಡುತ್ತಿದ್ದೇವೆ ಅಂತ ಒಪ್ಪಂದದಲ್ಲಿ ಅವರ ಬಾಯಲ್ಲೇ ಹೇಳಿಸಿದ್ದಾರೆ. ಉಳಿದ ಅವರ ನೆಲಕ್ಕೂ ಬೆಲೆ ಬರುತ್ತದೆ ಅಂತ ಬೇರೆ ಸೇರಿಸಿದ್ದಾರೆ. ಸರ್ಕಾರದ ಪರವಾಗಿ ಸಹಿ ಹಾಕಿದ ಮೂವರಲ್ಲಿ ಒಬ್ಬ ಜಾನ್ ಟಿಪ್ಟನ್.

ಇಂಡಿಯಾನಾ ಸಭೆ ಆ ಜಮೀನು ಮಾರಿ, ಬಂದ ದುಡ್ಡಲ್ಲಿ ಮಿಷಿಗನ್ ರಸ್ತೆ ಹಾಕಿಸಿತು. ದಾರಿ ಯಾವ ಊರ ಮೇಲೆ ಹೋಗಬೇಕು ಅಂತ ಸಭೆಯಲ್ಲಿ ದೊಡ್ಡ ಜಗಳ. ನೇರ ಹೋದರೆ ಕ್ಯಾಂಕಕೀ ನದಿಯ ಜೌಗು. ಕಡೆಗೆ ರಸ್ತೆ ಸೌತ್ ಬೆಂಡ್ ಅನ್ನುವ ಊರಿನ ಮೇಲೆ ಸುತ್ತಿಕೊಂಡು ಹೋಯಿತು.

1838ರ ಸೆಪ್ಟೆಂಬರ್‌ನಲ್ಲಿ ಅದೇ ಟಿಪ್ಟನ್ ಬಂದೂಕುಧಾರಿ ದಂಡು ಕಟ್ಟಿಕೊಂಡು ಬಂದು, ಸುಮಾರು 850 ಪೊಟವಾಟಮಿ ಜನರನ್ನು ಊರು ಬಿಡಿಸಿದ. ದೂರದ ಕಾನ್ಸಾಸ್‌ಗೆ ಸುಮಾರು 660 ಮೈಲಿ ಪಯಣ. ಅದರ ಮೊದಲ ಭಾಗ ನಡೆದದ್ದು ಇದೇ ಮಿಷಿಗನ್ ರಸ್ತೆಯಲ್ಲಿ, ಅವರೇ ಜಾಗ ಕೊಟ್ಟ ರಸ್ತೆಯಲ್ಲಿ. ದಾರಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮಕ್ಕಳು. ಒಪ್ಪಂದದಲ್ಲಿ ಹೇಳಿದ ಆ ‘ಬೆಲೆ’ ಯಾರ ಜೇಬಿಗೆ ಹೋಯಿತು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಇಂಡಿಯಾನಾ ಸಭೆಗೆ ಅಷ್ಟರಲ್ಲೇ ಸಾಲದ ರುಚಿ ಹತ್ತಿತ್ತು. 1836ರಲ್ಲಿ ಕಾಲುವೆ, ರಸ್ತೆ, ರೈಲು ಎಲ್ಲಕ್ಕೂ ಸೇರಿಸಿ ಒಂದು ಕೋಟಿ ಡಾಲರ್ ಸಾಲ ಎತ್ತಲು ಒಪ್ಪಿತು. ಮರುವರ್ಷವೇ ದೇಶದಲ್ಲಿ ಬ್ಯಾಂಕುಗಳು ಮುಗ್ಗರಿಸಿದವು. ಕೆಲಸ ಅರ್ಧಕ್ಕೆ ನಿಂತು, 1841ರ ಹೊತ್ತಿಗೆ ಬಡ್ಡಿ ಕಟ್ಟಲೂ ಆಗಲಿಲ್ಲ. 1851ರಲ್ಲಿ ಹೊಸ ಸಂವಿಧಾನ ಬರೆದಾಗ, ತೀರಾ ಕೆಲವು ಸಂದರ್ಭ ಬಿಟ್ಟರೆ ರಾಜ್ಯ ಸಾಲವನ್ನೇ ಮಾಡುವ ಹಾಗಿಲ್ಲ ಅಂತ ಹಾಕಿಕೊಂಡರು. ಆ ಕಟ್ಟು ಅಲ್ಲಿ ಇವತ್ತಿಗೂ ಇದೆ.

ನಮಸ್ಕಾರ.